ಎಳೆಗೂಸಿನ ಡೈಪರ್‌ಗಾಗಿ ಒಂದು ಪತ್ರ ಬರೆಯಿರಿ

ಅಮೆರಿಕದಲ್ಲಿ ನೆಲೆಸಿರುವ ಕನ್ನಡ ಬಂಧುಗಳೇ,

ಬಡವರ ಮನೆಯ ಮಗುವಿನ ಹಾಲಿಗೆ ಈ ದೇಶದ ಸರ್ಕಾರ ನೆರವಾಗುತ್ತದೆ, ಡೈಪರ್‌ಗೆ ಮಾತ್ರ ಬಹುಮಟ್ಟಿಗೆ ಆಗುವುದಿಲ್ಲ. ಸ್ನ್ಯಾಪ್ ಆಹಾರ ನೆರವಿನಲ್ಲಾಗಲಿ, ತಾಯಿ-ಮಕ್ಕಳ ಪೌಷ್ಟಿಕತೆಗೆಂದೇ ಇರುವ ವಿಕ್ ಯೋಜನೆಯಲ್ಲಾಗಲಿ ಡೈಪರ್ ಕೊಳ್ಳುವಂತಿಲ್ಲ. ಬಡವರ ಆರೋಗ್ಯ ವಿಮೆಯಾದ ಮೆಡಿಕೇಡ್ ಕೂಡ ಹೆಚ್ಚಿನ ರಾಜ್ಯಗಳಲ್ಲಿ ಕಾಯಿಲೆಯನ್ನೋ ಅಂಗವೈಕಲ್ಯವನ್ನೋ ತೋರಿಸಿದರಷ್ಟೇ ಡೈಪರ್ ಕೊಡುತ್ತದೆ, ಅದೂ ಸಾಮಾನ್ಯವಾಗಿ ಮೂರು ವರ್ಷ ದಾಟಿದ ಮಕ್ಕಳಿಗೆ.

ಕೈಯಲ್ಲಿ ಕಾಸಿಲ್ಲದ ತಾಯಿ ಏನು ಮಾಡಬೇಕು? ನೆನೆದು ಜೋಲುವ ಡೈಪರನ್ನೇ ಇನ್ನಷ್ಟು ಹೊತ್ತು ಬಿಡುತ್ತಾಳೆ. ಕೆಲವರು ಹೊಲಸನ್ನು ಒರೆಸಿ, ಒಣಗಿಸಿ, ಅದನ್ನೇ ಮತ್ತೆ ಕಟ್ಟುತ್ತಾರೆ. ಮಗುವಿನ ತೊಡೆಸಂದು ಕೆಂಪಾಗಿ ಸುಲಿಯುತ್ತದೆ, ಮೂತ್ರದ ಸೋಂಕೂ ತಗಲಬಹುದು. ಆಗ ವೈದ್ಯರ ಬಿಲ್ಲನ್ನು ಕಟ್ಟುವುದು ಅದೇ ಮೆಡಿಕೇಡ್! ಇನ್ನು, ದಿನಕ್ಕಾಗುವಷ್ಟು ಡೈಪರ್ ಕಳಿಸದಿದ್ದರೆ ಬಹಳಷ್ಟು ಡೇಕೇರ್‌ಗಳು ಮಗುವನ್ನು ಸೇರಿಸಿಕೊಳ್ಳುವುದಿಲ್ಲ. ತಾಯಿ ಮನೆಯಲ್ಲೇ ಉಳಿಯುತ್ತಾಳೆ, ಆ ದಿನದ ಸಂಬಳ ಹೋಗುತ್ತದೆ.

ನಮ್ಮಜ್ಜಿ ಹಳೇ ಸೀರೆ ಹರಿದು ಬಟ್ಟೆ ಕಟ್ಟುತ್ತಿರಲಿಲ್ಲವೇ ಎಂದು ನಿಮ್ಮಲ್ಲಿ ಕೆಲವರಿಗೆ ಅನ್ನಿಸಬಹುದು. ಅಜ್ಜಿಗೆ ಬಾವಿಕಟ್ಟೆಯಿತ್ತು, ಹಿತ್ತಲಿನ ಬಿಸಿಲಿತ್ತು. ಅಪಾರ್ಟ್‌ಮೆಂಟಿನ ಈ ತಾಯಿಗೆ ಸ್ವಂತ ವಾಷಿಂಗ್ ಮೆಷಿನ್ ಇಲ್ಲ. ಕಾಸು ಹಾಕಿ ಒಗೆಯುವ ಎಷ್ಟೋ ಅಂಗಡಿಗಳು ಮಲದ ಬಟ್ಟೆಗೆ ಅವಕಾಶ ಕೊಡುವುದಿಲ್ಲ.

ದಾರಿ ಇಲ್ಲದಿಲ್ಲ. ಮೆಡಿಕೇಡನ್ನು ಇನ್ನಷ್ಟು ಬಡವರಿಗೆ ವಿಸ್ತರಿಸಲೂ ಒಪ್ಪದ ಟೆನ್ನೆಸ್ಸಿ ರಾಜ್ಯ 2024ರ ಆಗಸ್ಟ್‌ನಿಂದ ತನ್ನ ಮೆಡಿಕೇಡ್ ಯೋಜನೆಯಾದ ಟೆನ್‌ಕೇರ್ ಅಡಿ ಎರಡು ವರ್ಷದೊಳಗಿನ ಮಕ್ಕಳಿಗೆ ತಿಂಗಳಿಗೆ 100 ಡೈಪರ್ ಕೊಡುತ್ತಿದೆ. ಔಷಧಿ ಅಂಗಡಿಗೆ ಹೋಗಿ ತಂದರಾಯಿತು. ದಿನಕ್ಕೆ ಎಂಟು-ಹತ್ತು ಬೇಕಾಗುವ ಹಸುಗೂಸಿಗೆ 100 ಸಾಲದು, ನಿಜ. ಆದರೆ ಡೈಪರ್ ಕೂಡ ಆರೋಗ್ಯದ ವಿಷಯ ಎಂದು ಒಂದು ರಾಜ್ಯ ಒಪ್ಪಿ, ಕೇಂದ್ರದ ಅನುಮತಿಯನ್ನೂ ಪಡೆದದ್ದು ಸಣ್ಣ ಮಾತಲ್ಲ. ಟೆನ್ನೆಸ್ಸಿಗೆ ಸಾಧ್ಯವಾದದ್ದು ನೀವಿರುವ ರಾಜ್ಯಕ್ಕೇಕೆ ಆಗದು?

ಅದಕ್ಕೇ ನನ್ನ ಮನವಿ. ಮತದ ಹಕ್ಕು ಇರಲಿ, ಇಲ್ಲದಿರಲಿ, ನೀವು ಇಲ್ಲಿ ತೆರಿಗೆ ಕಟ್ಟುವವರು. ನಿಮ್ಮ ರಾಜ್ಯದ ಶಾಸಕರಿಗೆ ಒಂದು ಪುಟದ ಪತ್ರ ಬರೆಯಿರಿ, ಟೆನ್ನೆಸ್ಸಿಯ ಉದಾಹರಣೆ ಕೊಡಿ. ಕಾನೂನು ಬದಲಾಗುವವರೆಗೆ ಮಕ್ಕಳು ಕಾಯಲಾರರು. ಯುಗಾದಿಗೋ ರಾಜ್ಯೋತ್ಸವಕ್ಕೋ ಕನ್ನಡ ಕೂಟದಲ್ಲಿ ಸೇರಿದಾಗ ಬಾಗಿಲ ಬಳಿ ಡೈಪರ್ ಹಾಕಲು ಒಂದು ಪೆಟ್ಟಿಗೆ ಇಟ್ಟು, ತುಂಬಿದ್ದನ್ನು ಬಡ ಕುಟುಂಬಗಳಿಗೆ ಡೈಪರ್ ಹಂಚುವ ಹತ್ತಿರದ ಡೈಪರ್ ಬ್ಯಾಂಕಿಗೆ ತಲುಪಿಸಿ. ನಿಮ್ಮ ಮಗು ಬೆಳೆದು ಚಿಕ್ಕದಾದ ಡೈಪರಿನ ಒಡೆದ ಪ್ಯಾಕನ್ನೂ ಬಹಳಷ್ಟು ಬ್ಯಾಂಕುಗಳು ತೆಗೆದುಕೊಳ್ಳುತ್ತವೆ. ಹೊಸದಾಗಿ ಕೊಳ್ಳುವುದಾದರೆ 4, 5, 6ನೇ ಅಳತೆಯವನ್ನು ಕೊಳ್ಳಿ, ಕೊರತೆ ಹೆಚ್ಚಾಗಿ ಬೀಳುವುದು ಅವಕ್ಕೇ.