ಸಹಿ ಹಾಕುವ ಪೊಲೀಸರ ಸಿನಿಮಾ ಯಾಕಿಲ್ಲ?

ಚೆನ್ನೈನ ಪೆರಂಬೂರನ್ನು ಹೊರಗಿನವರು ಬಲ್ಲದ್ದು ರೈಲು ಬೋಗಿಗಳಿಂದ. 1955ರಲ್ಲಿ ಶುರುವಾದ ಇಂಟಿಗ್ರಲ್ ಕೋಚ್ ಫ್ಯಾಕ್ಟರಿ ಇರುವುದು ಇಲ್ಲೇ. ತಮಿಳು ಸಿನಿಮಾ ನೋಡುವವರಿಗೆ ಮಾತ್ರ ಉತ್ತರ ಚೆನ್ನೈ ಅಂದರೆ ಮಚ್ಚು, ಗಾಂಜಾ, ರೌಡಿ. 2024ರ ಜುಲೈ 5ರ ಸಂಜೆ ಅಂಥವರ ಮಾತಿಗೆ ಪುರಾವೆ ಸಿಕ್ಕಂತಾಯಿತು. ಬಹುಜನ ಸಮಾಜ ಪಕ್ಷದ ತಮಿಳುನಾಡು ಅಧ್ಯಕ್ಷ, ವಕೀಲ ಕೆ. ಆರ್ಮ್‌ಸ್ಟ್ರಾಂಗ್ ಅವರನ್ನು ಪೆರಂಬೂರಿನಲ್ಲಿ, ಅವರು ಕಟ್ಟಿಸುತ್ತಿದ್ದ ಮನೆಯ ಹತ್ತಿರವೇ ಕೊಚ್ಚಿ ಕೊಂದರು. ಮೂರೇ ದಿನಕ್ಕೆ ನಗರದ ಪೊಲೀಸ್ ಕಮಿಷನರ್ ಬದಲಾದರು. ರೌಡಿಗಳಿಗೆ ಅರ್ಥವಾಗುವ ಭಾಷೆಯಲ್ಲೇ ಮಾತಾಡುತ್ತೇನೆ ಎಂದರು ಹೊಸ ಕಮಿಷನರ್. 14ರಂದು, ಆಯುಧ ಬಚ್ಚಿಟ್ಟ ಜಾಗ ತೋರಿಸಲೆಂದು ಮಾಧವರಂ ಕಡೆಗೆ ಕರೆದೊಯ್ದಿದ್ದ ಆರೋಪಿಯೊಬ್ಬ ಪೊಲೀಸರ ಗುಂಡಿಗೆ ಸತ್ತ. ಅವನೇ ಮೊದಲು ಗುಂಡು ಹಾರಿಸಿದ ಎಂಬುದು ಪೊಲೀಸರ ಹೇಳಿಕೆ.

ಕಮಿಷನರ್ ಹೇಳಿದ ಆ ಭಾಷೆಯನ್ನು ನಮಗೆ ಯಾರೂ ಅನುವಾದಿಸಿ ಹೇಳಬೇಕಾಗಿರಲಿಲ್ಲ. ನಾವದನ್ನು ಚಿತ್ರಮಂದಿರದಲ್ಲೇ ಕಲಿತಿದ್ದೇವೆ. 1981ರ 'ಅಂತ'ದಲ್ಲಿ ಅಂಬರೀಶ್, 1988ರ 'ಸಾಂಗ್ಲಿಯಾನ'ದಲ್ಲಿ ಶಂಕರ್‌ನಾಗ್, 1996ರ 'ಪೊಲೀಸ್ ಸ್ಟೋರಿ'ಯಲ್ಲಿ ಸಾಯಿಕುಮಾರ್. ತಮಿಳಿನ 'ಸಿಂಗಂ' 2010ರಲ್ಲಿ ಬಂದರೆ ಮರುವರ್ಷವೇ ಸುದೀಪ್ ಅದನ್ನು 'ಕೆಂಪೇಗೌಡ' ಮಾಡಿದರು. ಇವುಗಳಲ್ಲಿ ಕೆಲವನ್ನು ನಾನು ಎಷ್ಟು ಸಲ ನೋಡಿದ್ದೇನೋ ಲೆಕ್ಕವಿಲ್ಲ, ಮುಂದೆಯೂ ನೋಡುತ್ತೇನೆ. ಆದರೆ ಈ ಜಾತಿಯ ಸಿನಿಮಾಗಳ ಲೆಕ್ಕಾಚಾರ ವಿಚಿತ್ರ. ನಾಯಕ ಪ್ರಾಮಾಣಿಕ, ಯಾಕೆಂದರೆ ಅವನು ದುಡ್ಡು ಮುಟ್ಟುವುದಿಲ್ಲ. ದುಡ್ಡು ಮುಟ್ಟದ ಕೈ ಠಾಣೆಯೊಳಗೆ ಬೇರೆ ಏನು ಮಾಡಿದರೂ ಮಾಫಿ. ಕೋರ್ಟು, ವಾರಂಟು, ವಕೀಲ ಎಲ್ಲ ಖಳನಾಯಕನ ಕಡೆಯವರು. ಪ್ರಾಮಾಣಿಕತೆಯನ್ನು ಜೇಬು ನೋಡಿ ಅಳೆಯುತ್ತೇವೆ, ಲಾಠಿಯ ಲೆಕ್ಕ ಕೇಳುವುದಿಲ್ಲ.

ಆ ಲೆಕ್ಕವನ್ನು ಒಬ್ಬ ಹೆಡ್ ಕಾನ್‌ಸ್ಟೆಬಲ್ ಒಪ್ಪಿಸಿದ ಕತೆ ಇದೇ ತಮಿಳುನಾಡಿನ ದಕ್ಷಿಣ ತುದಿಯಲ್ಲಿ ನಡೆದಿದೆ. 2020ರ ಜೂನ್ 19ರಂದು ತೂತ್ತುಕುಡಿ ಜಿಲ್ಲೆಯ ಸಾತ್ತಾನ್‌ಕುಳಂನಲ್ಲಿ ಮೊಬೈಲ್ ಅಂಗಡಿಯ ಜಯರಾಜ್ ಮತ್ತು ಅವರ ಮಗ ಬೆನ್ನಿಕ್ಸ್ ಅವರನ್ನು ಪೊಲೀಸರು ಠಾಣೆಗೆ ಎಳೆದೊಯ್ದರು. ಲಾಕ್‌ಡೌನ್ ಸಮಯ ಮೀರಿ ಅಂಗಡಿ ತೆರೆದಿದ್ದರು ಎಂಬುದು ದೂರು. ನಾಲ್ಕು ದಿನದೊಳಗೆ ಇಬ್ಬರೂ ತೀರಿಕೊಂಡರು. ಮದ್ರಾಸ್ ಹೈಕೋರ್ಟಿನ ಮದುರೈ ಪೀಠ ತಾನಾಗಿ ಪ್ರಕರಣ ಕೈಗೆತ್ತಿಕೊಂಡಿತು. ವಿಚಾರಣೆಗೆಂದು ಕೋವಿಲ್‌ಪಟ್ಟಿಯ ಮ್ಯಾಜಿಸ್ಟ್ರೇಟ್ ಠಾಣೆಗೆ ಹೋದರೆ ಪೊಲೀಸರು ಅವರನ್ನೇ ಹಂಗಿಸಿದರು. ಲಾಠಿ ಕೊಡು ಎಂದು ಕೇಳಿದ್ದಕ್ಕೆ ಒಬ್ಬ ಪೇದೆ ಗೋಡೆ ಹಾರಿ ಓಡಿದ. ಸಿಸಿಟಿವಿಯ ಡಿಸ್ಕಿನಲ್ಲಿ ಬೇಕಾದಷ್ಟು ಜಾಗವಿತ್ತು, ಆದರೆ ದೃಶ್ಯಗಳು ದಿನದಿನಕ್ಕೂ ತಾನಾಗಿ ಅಳಿಯುವಂತೆ ಅದನ್ನು ಹೊಂದಿಸಿಡಲಾಗಿತ್ತು. ಕೊನೆಗೆ ಹೈಕೋರ್ಟು ಠಾಣೆಯನ್ನೇ ಕಂದಾಯ ಇಲಾಖೆಯ ಸುಪರ್ದಿಗೆ ಕೊಟ್ಟಿತು. ಪೊಲೀಸ್ ಠಾಣೆಗೆ ತಹಶೀಲ್ದಾರರ ಕಾವಲು! ಇಂಥ ದೃಶ್ಯ ಯಾವ ಚಿತ್ರಕಥೆಗಾರನಿಗೂ ಹೊಳೆದಿರಲಿಲ್ಲ.

ಆ ರಾತ್ರಿ ಕರ್ತವ್ಯದಲ್ಲಿದ್ದ ಹೆಡ್ ಕಾನ್‌ಸ್ಟೆಬಲ್ ರೇವತಿ ಮ್ಯಾಜಿಸ್ಟ್ರೇಟರ ಮುಂದೆ ಬಾಯಿಬಿಟ್ಟರು. ಇಡೀ ರಾತ್ರಿ ಹೊಡೆದರು, ಲಾಠಿಗಳ ಮೇಲೆ, ಮೇಜಿನ ಮೇಲೆ ರಕ್ತದ ಕಲೆ ಇದೆ, ಅದನ್ನು ಅಳಿಸಿಬಿಡಬಹುದು ಎಂದರು. ಹೊರಗೆ ಸಹೋದ್ಯೋಗಿಗಳು ನಿಂತು ಕೇಳಿಸಿಕೊಳ್ಳುತ್ತಿದ್ದರು. ಹೇಳಿದ್ದಕ್ಕೆ ಸಹಿ ಹಾಕಲು ಅವರು ಹೆದರಿದರು, ತಡೆದರು, ರಕ್ಷಣೆಯ ಭರವಸೆ ಸಿಕ್ಕ ಮೇಲೆ ಹಾಕಿದರು. ಅವರ ಮನೆಗೆ ಕಾವಲು ಹಾಕಿಸಬೇಕಾಯಿತು. ಆ ಸಹಿಯ ಬೆನ್ನಿಗೇ ಇನ್‌ಸ್ಪೆಕ್ಟರನಿಂದ ಹಿಡಿದು ಪೇದೆಗಳವರೆಗೆ ಬಂಧನವಾಯಿತು, ಸಿಬಿಐ ಕೊಲೆ ಆರೋಪದ ಚಾರ್ಜ್‌ಶೀಟ್ ಹಾಕಿತು. ಸಿನಿಮಾದ ಅಧಿಕಾರಿಗೆ ಹೆದರಿಕೆ ಇರುವುದಿಲ್ಲ, ಹಾಗಾಗಿ ಅವನಿಗೆ ಧೈರ್ಯದ ಅಗತ್ಯವೂ ಬೀಳುವುದಿಲ್ಲ. ರೇವತಿಯವರಿಗೆ ಎರಡೂ ಇದ್ದವು.

ಆ ವಾರ ತಮಿಳು ಚಿತ್ರರಂಗವೂ ಅಲುಗಾಡಿತು. 'ಸಾಮಿ', 'ಸಿಂಗಂ' ಸರಣಿಗಳ ನಿರ್ದೇಶಕ ಹರಿ, ಪೊಲೀಸರನ್ನು ಹೊಗಳಿ ಐದು ಸಿನಿಮಾ ಮಾಡಿದ್ದಕ್ಕೆ ಈಗ ನೋವಾಗುತ್ತಿದೆ ಎಂದು ಬಹಿರಂಗವಾಗಿ ಹೇಳಿಕೆ ಕೊಟ್ಟರು. ಹಾಗೆ ಹೇಳಿದ ಇನ್ನೊಬ್ಬ ದೊಡ್ಡ ಕಮರ್ಷಿಯಲ್ ನಿರ್ದೇಶಕ ನನಗೆ ನೆನಪಾಗುತ್ತಿಲ್ಲ. ಪೊಲೀಸರ ಒಳಮನೆಯನ್ನು ತೋರಿಸಿದ ತಮಿಳು ಸಿನಿಮಾ ಅದಕ್ಕೂ ಮೊದಲೇ ಬಂದಿತ್ತು: ಕೊಯಮತ್ತೂರಿನ ಆಟೋ ಚಾಲಕ ಎಂ. ಚಂದ್ರಕುಮಾರ್ ತಾವು ಅನುಭವಿಸಿದ್ದನ್ನೇ ಬರೆದ 'ಲಾಕಪ್' ಆಧರಿಸಿ ವೆಟ್ರಿಮಾರನ್ ಮಾಡಿದ 'ವಿಸಾರಣೈ'. ಅದರಲ್ಲೂ ಮನಸ್ಸಾಕ್ಷಿ ಇರುವ ಅಧಿಕಾರಿಯೊಬ್ಬನಿದ್ದಾನೆ. ಆದರೆ ಅವನ ಕೈ ಮೊದಲೇ ಕೊಳೆಯಾಗಿದೆ, ಒಪ್ಪದೆ ನಿಂತ ಗಳಿಗೆಗೆ ಅವನ ಇಲಾಖೆಯೇ ಅವನನ್ನು ಮುಗಿಸುತ್ತದೆ.

ಪೆರಂಬೂರಿನ ಕೊಲೆಯಾದ ಮೂರು ತಿಂಗಳಿಗೆ, 2024ರ ಅಕ್ಟೋಬರ್ 10ಕ್ಕೆ, 'ವೆಟ್ಟೈಯನ್' ಬಿಡುಗಡೆಯಾಯಿತು. 'ಜೈ ಭೀಮ್' ಮಾಡಿದ ಟಿ.ಜೆ. ಜ್ಞಾನವೇಲ್ ನಿರ್ದೇಶನ, ಎನ್‌ಕೌಂಟರ್‌ಗೆ ಹೆಸರಾದ ಎಸ್‌ಪಿಯಾಗಿ ರಜನೀಕಾಂತ್. ಶಿಕ್ಷಕಿಯೊಬ್ಬಳ ಕೊಲೆಗೆ ಜನ ತಕ್ಷಣ ನ್ಯಾಯ ಕೇಳುತ್ತಾರೆ, ಎಸ್‌ಪಿ ಒಬ್ಬ ಬಡ ಹುಡುಗನನ್ನು ಹೊಡೆದುರುಳಿಸುತ್ತಾನೆ, ಆಮೇಲೆ ನೋಡಿದರೆ ಹುಡುಗ ನಿರಪರಾಧಿ. ರಜನಿಯ ಗುಂಡು ತಪ್ಪು ಮನುಷ್ಯನಿಗೆ ತಗಲುವುದು ಸಣ್ಣ ಮಾತಲ್ಲ. ಆದರೂ ಚಿತ್ರಕ್ಕೆ ತನ್ನ ಪ್ರಶ್ನೆಯ ಜೊತೆ ಕೊನೆಯವರೆಗೆ ಕೂರಲು ಧೈರ್ಯ ಸಾಲಲಿಲ್ಲ. ತಪ್ಪು ಮಾಡಿದ ಅಧಿಕಾರಿಯೇ ತನಿಖೆ ಮಾಡಿ, ತಾನೇ ಸರಿಪಡಿಸಿ, ಮತ್ತೆ ಶಿಳ್ಳೆ ಹೊಡೆಸಿಕೊಳ್ಳುತ್ತಾನೆ. ಸತ್ಯ ಹೇಳಲು ಆ ಠಾಣೆಯಲ್ಲಿ ಒಬ್ಬ ಹೆಡ್ ಕಾನ್‌ಸ್ಟೆಬಲ್ ಇದ್ದಿದ್ದರೆ? ಸ್ಟಾರ್ ಸಿನಿಮಾದಲ್ಲಿ ಹೆಡ್ ಕಾನ್‌ಸ್ಟೆಬಲ್‌ಗೆ ಕೊಡುವುದು ಕಾಮಿಡಿ ಪಾತ್ರ.

ಕಡತದಲ್ಲಿ ನಾಟಕವಿಲ್ಲ, ಸಹಿಯಲ್ಲಿ ಫೈಟ್ ಇಲ್ಲ ಎನ್ನುವವರಿಗೆ ನಮ್ಮದೇ ಬೆಂಗಳೂರಿನ ಉದಾಹರಣೆ ಕೊಡುತ್ತೇನೆ. 2017ರ ಜುಲೈನಲ್ಲಿ ಕಾರಾಗೃಹ ಇಲಾಖೆಯ ಡಿಐಜಿ ಆಗಿದ್ದ ಡಿ. ರೂಪಾ, ಪರಪ್ಪನ ಅಗ್ರಹಾರದಲ್ಲಿ ವಿ.ಕೆ. ಶಶಿಕಲಾ ಅವರಿಗೆ ವಿಶೇಷ ಸವಲತ್ತು ಸಿಗುತ್ತಿದೆ, ಇದಕ್ಕೆ 2 ಕೋಟಿ ರೂಪಾಯಿ ಲಂಚ ಕೈಬದಲಾದ ಮಾತಿದೆ ಎಂದು ಮೇಲಧಿಕಾರಿಗೇ ವರದಿ ಬರೆದರು. ಮೇಲಧಿಕಾರಿ ಆರೋಪ ನಿರಾಕರಿಸಿದರು, ಮಾನನಷ್ಟ ಮೊಕದ್ದಮೆ ಹೂಡಿದರು. ವಾರ ಕಳೆಯುವುದರೊಳಗೆ ರೂಪಾ ಅವರಿಗೆ ಸಂಚಾರ ವಿಭಾಗಕ್ಕೆ ವರ್ಗವಾಯಿತು. ಮುಂದೆ ನಿವೃತ್ತ ಐಎಎಸ್ ಅಧಿಕಾರಿ ವಿನಯ್ ಕುಮಾರ್ ಅವರ ಸಮಿತಿ, ಸವಲತ್ತು ಕೊಟ್ಟದ್ದು ನಿಜ ಎಂದಿತು. ಕೆಲವು ಪುಟಗಳ ವರದಿ ಎರಡು ರಾಜ್ಯಗಳನ್ನು ಅಲ್ಲಾಡಿಸಿದ್ದು ಹೀಗೆ. ಒಂದು ಗುಂಡೂ ಹಾರಲಿಲ್ಲ.

ಇಂಥದ್ದನ್ನು ಸಿನಿಮಾ ಮಾಡಲು ಬರುತ್ತದೆ. 1973ರಲ್ಲೇ ಸಿಡ್ನಿ ಲುಮೆಟ್ 'ಸರ್ಪಿಕೊ' ಮಾಡಿದ್ದರು. ನ್ಯೂಯಾರ್ಕಿನ ಪೊಲೀಸ್ ಫ್ರಾಂಕ್ ಸರ್ಪಿಕೊ ಮಾಮೂಲಿ ಹಂಚಿಕೊಳ್ಳಲು ಒಪ್ಪದೆ, ಕಚೇರಿಯಿಂದ ಕಚೇರಿಗೆ ದೂರು ಹೊತ್ತು ಅಲೆದು, ಯಾರೂ ಕೇಳದಿದ್ದಾಗ ಪತ್ರಿಕೆಯ ಬಾಗಿಲು ತಟ್ಟಿದವರು. 1971ರ ಫೆಬ್ರವರಿಯಲ್ಲಿ ಮಾದಕವಸ್ತು ದಾಳಿಯೊಂದರಲ್ಲಿ ಮುಖಕ್ಕೆ ಗುಂಡು ಬಿತ್ತು. ಅದೇ ಡಿಸೆಂಬರ್‌ನಲ್ಲಿ ನ್ಯಾಪ್ ಆಯೋಗದ ಮುಂದೆ ಸಾಕ್ಷಿ ಹೇಳಿದರು. ಚಿತ್ರದ ಬಹುಪಾಲು ಅಲ್ ಪಚಿನೊ ಮಾಡುವುದು ಕಾಯುವುದು, ಕೂಗಾಡುವುದು, ಒಂಟಿಯಾಗುವುದು. ನೋಡುತ್ತಾ ಕೂತವರಿಗೆ ಹೊಟ್ಟೆಯಲ್ಲಿ ಸಂಕಟವಾಗುತ್ತದೆ, ಜೊತೆ ಕೆಲಸ ಮಾಡುವವರೇ ಬೆನ್ನಿಗಿದ್ದಾರೆ ಎಂಬುದು ಗೊತ್ತಿರುವುದರಿಂದ.

ಅಂಥದ್ದೊಂದನ್ನು ಸಾತ್ತಾನ್‌ಕುಳಂ ಮೇಲೆ, ರೇವತಿಯವರ ಒಪ್ಪಿಗೆ ಪಡೆದು, ಯಾರಾದರೂ ಮಾಡಲಿ. ಸ್ಲೋ ಮೋಷನ್ ಬೇಡ. ಮೇಜು, ಬಾಗಿಲಾಚೆಯ ನೆರಳುಗಳು, ಪೆನ್ನು ಹಿಡಿದ ಕೈ ಸಾಕು.

ಪೆರಂಬೂರಿನ ಪ್ರಕರಣಕ್ಕೆ ಬಂದರೆ, ಆರ್ಮ್‌ಸ್ಟ್ರಾಂಗ್ ಕುಟುಂಬದವರು ಪೊಲೀಸರ ತನಿಖೆಯನ್ನು ನಂಬದೆ ನ್ಯಾಯಾಲಯಕ್ಕೆ ಹೋದರು. 2025ರ ಸೆಪ್ಟೆಂಬರ್‌ನಲ್ಲಿ ಮದ್ರಾಸ್ ಹೈಕೋರ್ಟು ತನಿಖೆಯನ್ನು ಸಿಬಿಐಗೆ ವಹಿಸಿತು, ಆ ಆದೇಶ ಸುಪ್ರೀಂ ಕೋರ್ಟಿನವರೆಗೂ ಹೋಯಿತು. ಕೊಲೆ ಮಾಡಿಸಿದವರು ಯಾರು, ಪೊಲೀಸರಿಗೆ ಮೊದಲೇ ಸುಳಿವಿತ್ತೇ ಎಂದು ಕೇಳಬೇಕಾದ ಪ್ರಶ್ನೆಗಳು ಬಹಳ ಇವೆ. ಅವುಗಳಲ್ಲಿ ಕೆಲವಕ್ಕೆ ಉತ್ತರ ಗೊತ್ತಿದ್ದಿರಬಹುದಾದ ಒಬ್ಬನ ಹೇಳಿಕೆಯನ್ನು, ತನಿಖೆ ಯಾರ ಕೈಗೆ ಹೋದರೂ, ಇನ್ನು ಪಡೆಯಲಾಗುವುದಿಲ್ಲ. ಅವನು ಜುಲೈ 14ರ ಬೆಳಗ್ಗೆ ಮಾಧವರಂನಲ್ಲಿ ಸತ್ತ.