ಅಕ್ಷರ ಕೆತ್ತಿದವರೂ ಇದ್ದಾರೆ

1117ರಲ್ಲಿ ಪ್ರತಿಷ್ಠಾಪನೆಯಾದ ಬೇಲೂರಿನ ಚೆನ್ನಕೇಶವ ದೇಗುಲದ ಶಿಲ್ಪಗಳಲ್ಲಿ ದಾಸೋಜ, ಚಾವಣರ ಹೆಸರು ಇಂದಿಗೂ ಓದಬಹುದು. ಆದರೆ ಫಾಂಟ್ ರೂಪಿಸಿದವರು ಯಾರೆಂದು ನಾವು ಕೇಳುವುದೇ ಇಲ್ಲ. ಅರಸೀಕೆರೆಯಲ್ಲಿ ನನ್ನಂತೆ ಬಿ.ಇ. ಓದುತ್ತಲೇ ಪೋಸ್ಟರ್, ಲೋಗೊ ಮಾಡಿ ಖರ್ಚಿಗೆ ಕಾಸು ಮಾಡಿಕೊಳ್ಳುವ ಗೆಳೆಯರಿದ್ದಾರೆ. ‘ಫ್ರೀ’ ಎಂದು ಕಂಡರೆ ಸಾಕು, ಡೌನ್‌ಲೋಡ್! ಅಂಥ ಅನೇಕ ಫಾಂಟ್‌ಗಳು ಸ್ವಂತ ಬಳಕೆಗಷ್ಟೇ ಉಚಿತ. ಅಂಗಡಿ ಬೋರ್ಡಿಗೆ ಬಳಸಲು ಲೈಸೆನ್ಸ್ ಕೊಳ್ಳಬೇಕು. ನೋಟೊ ಸ್ಯಾನ್ಸ್ ಕನ್ನಡ, ಬಾಲೂ ತಮ್ಮ 2 ಹಾಗಲ್ಲ. ಓಪನ್ ಫಾಂಟ್ ಲೈಸೆನ್ಸ್ ಇರುವ ಇವನ್ನು ಸಂಪಾದನೆಯ ಕೆಲಸಕ್ಕೂ ಬಳಸಬಹುದು, ತಿದ್ದಲೂಬಹುದು, ಫಾಂಟನ್ನಷ್ಟೇ ಮಾರುವಂತಿಲ್ಲ. ತಕರಾರು ಬಂದರೆ ಗ್ರಾಹಕರು ಕೇಳುವುದು ಡಿಸೈನ್ ಮಾಡಿದವರನ್ನೇ. ಆದ್ದರಿಂದ ಫಾಂಟಿನ ಜೊತೆ ಬರುವ ಲೈಸೆನ್ಸ್ ಫೈಲನ್ನು ಮೊದಲು ಓದಿ, ಪ್ರಾಜೆಕ್ಟ್ ಫೋಲ್ಡರಿನಲ್ಲೇ ಉಳಿಸಿಕೊಳ್ಳಿ. ನಮ್ಮ ಡಿಸೈನಿಗೆ ಬೆಲೆ ಕೇಳುವ ನಾವು ಅಕ್ಷರ ರೂಪಿಸಿದವರ ಶ್ರಮಕ್ಕೂ ಬೆಲೆ ಕೊಡಬೇಕಲ್ಲವೇ?