ಗುಂಡಿನ ಆಟಕ್ಕೆ ಯಾವ ವಯಸ್ಸು?

ಕೆಲವು ತಿಂಗಳ ಹಿಂದೆ ಒಂದು ಗುರುವಾರ ಸಂಜೆ ಅಕ್ಕನ ಮನೆಯಲ್ಲಿ ನನ್ನನ್ನು ನ್ಯಾಯ ಹೇಳುವ ಜಾಗದಲ್ಲಿ ಕೂರಿಸಿದರು. ಒಂದು ಬದಿಗೆ ಭಾವ, ಇನ್ನೊಂದು ಬದಿಗೆ 15 ವರ್ಷದ ಅವರ ಮಗ. ನಡುವೆ ಟೀಪಾಯಿ ಮೇಲೆ ಜಪ್ತಿಯಾದ ಮೊಬೈಲು.

"ಈ ಗುಂಡು ಹಾರ್ಸೋ ಆಟ ಇಂವ ಆಡಬೇಕೋ ಬ್ಯಾಡೋ, ನೀನ ಹೇಳಪಾ. ಎಂ.ಟೆಕ್ ಮಾಡೀದಿ, ಇದೆಲ್ಲಾ ನಿನಗ ತಿಳೀತದ" ಎಂದರು ಭಾವ.

"ಮಾಮಾ, ನಮ್ಮ ಕ್ಲಾಸಿನ್ಯಾಗ ಎಲ್ಲಾರೂ ಆಡ್ತಾರ" ಎಂದ ಹುಡುಗ.

ಅಡುಗೆಮನೆ ಬಾಗಿಲಲ್ಲಿ ನಿಂತಿದ್ದ ಅಕ್ಕ, "ಈ ವರ್ಷ ಟೆಂತ್ ಅದ, ಅಷ್ಟ ನೆನಪಿಡ್ರಿ" ಎಂದಳು.

ಚಾಕಣದಲ್ಲಿ ಇಂಥ ಮನೆಗಳು ಬಹಳ. ಬಜಾಜ್, ಮಹೀಂದ್ರಾ, ಫೋಕ್ಸ್‌ವ್ಯಾಗನ್, ಮರ್ಸಿಡಿಸ್ ಬೆಂಜ್ ಕಾರ್ಖಾನೆಗಳೂ ಅವುಗಳಿಗೆ ಬಿಡಿಭಾಗ ಒದಗಿಸುವ ನೂರಾರು ಘಟಕಗಳೂ ಇರುವ ಈ ಪಟ್ಟಿಗೆ ವಿಜಯಪುರ, ಕಲಬುರಗಿ, ಬೀದರ್, ಬೆಳಗಾವಿ ಕಡೆಯಿಂದ ದುಡಿಯಲು ಬಂದವರು ನಾವು. ಭಾವನ ಕಾರ್ಖಾನೆಗೆ ವಾರದ ರಜೆ ಗುರುವಾರ, ಮಗನ ಶಾಲೆಗೆ ಭಾನುವಾರ. ಪಾಳಿ ಬದಲಾದ ವಾರವಂತೂ ಅಪ್ಪ–ಮಗ ಎದುರುಬದುರು ಕೂತು ಊಟ ಮಾಡುವುದೇ ಅಪರೂಪ. ಆ ಖಾಲಿ ಭಾನುವಾರಗಳಲ್ಲಿ ಮೊಬೈಲು ಬಂದು ಕೂತಿತ್ತು.

ನಾನು ಮೊದಲು ಕೊಟ್ಟ ತೀರ್ಪು ತಪ್ಪಾಗಿತ್ತು ಎಂದು ಇಲ್ಲೇ ಒಪ್ಪಿಕೊಂಡುಬಿಡುತ್ತೇನೆ. ಆಪ್ ಸ್ಟೋರಿನಲ್ಲಿ ಆಟದ ಹೆಸರಿನ ಪಕ್ಕ ಒಂದು ವಯಸ್ಸು ಬರೆದಿರುತ್ತದಲ್ಲ, ಅದನ್ನು ನೋಡಿದೆ. ಹುಡುಗ ಆ ವಯಸ್ಸಿಗೆ ಇನ್ನೂ ಬಂದಿರಲಿಲ್ಲ. "ಇನ್ನೊಂದು ವರ್ಷ ಬಿಟ್ಟು ಆಡು" ಎಂದು ಹೇಳಿ, ಆಟವನ್ನು ನಾನೇ ಅಳಿಸಿ, ಚಹಾ ಕುಡಿದು ಎದ್ದು ಬಂದೆ. ಎರಡು ನಿಮಿಷದ ಕೆಲಸ. ಮೂರು ವಾರದಲ್ಲಿ ಗೊತ್ತಾಯಿತು, ಅವನು ಅಕ್ಕನ ಫೋನಿನಲ್ಲಿ ಆಡುತ್ತಿದ್ದ. ಹುಟ್ಟಿದ ವರ್ಷವನ್ನು ಹಿಂದಕ್ಕೆ ತಳ್ಳಿದ್ದ. ಪೋಷಕರ ಒಪ್ಪಿಗೆಗೆಂದು ಬರುವ ಓಟಿಪಿ ಗೆಳೆಯನ ಅಣ್ಣನ ನಂಬರಿಗೆ ಹೋಗಿತ್ತು. ಮೊದಲು ಹಜಾರದಲ್ಲಿ ಕೂತು ಆಡುತ್ತಿದ್ದವನು ಈಗ ಬಾಗಿಲು ಹಾಕಿಕೊಂಡು ಆಡುತ್ತಿದ್ದ. ನನ್ನ ತೀರ್ಪಿನಿಂದ ಆದ ಬದಲಾವಣೆ ಅದೊಂದೇ.

ಹೆದರಿಕೆ ಸುಳ್ಳಲ್ಲ. 2019ರ ಸೆಪ್ಟೆಂಬರ್‌ನಲ್ಲಿ ಬೆಳಗಾವಿ ಹತ್ತಿರದ ಕಾಕತಿಯಲ್ಲಿ, ಪಬ್‌ಜಿ ಬಿಡು ಎಂದು ಗದರಿದ ತಂದೆಯನ್ನೇ ಯುವಕನೊಬ್ಬ ಕೊಂದ ಸುದ್ದಿ ಓದಿದವರು ಯಾರೂ ಅದನ್ನು ಮರೆತಿಲ್ಲ. 2024ರ ಜುಲೈನಲ್ಲಿ ಇಲ್ಲೇ ಪಿಂಪ್ರಿ–ಚಿಂಚ್‌ವಡದ ಕಿವಳೆಯಲ್ಲಿ ಹತ್ತನೇ ತರಗತಿಯ ಹುಡುಗನೊಬ್ಬ ಜೀವ ಕಳೆದುಕೊಂಡ. ಅವನ ವಹಿಯಲ್ಲಿ ಆಟದ ನಕ್ಷೆಯಂಥ ಚಿತ್ರಗಳು ಸಿಕ್ಕವು. ಆ ವಾರ ನಮ್ಮ ಬಡಾವಣೆಯ ವಾಟ್ಸ್‌ಆಪ್ ಗುಂಪಿನಲ್ಲಿ ಬೇರೆ ಮಾತೇ ಇರಲಿಲ್ಲ. ಎಲ್ಲರೂ ಮಕ್ಕಳ ಫೋನು ಕಸಿದುಕೊಂಡರು. ಮುಂದಿನ ವಾರ ವಾಪಸು ಕೊಟ್ಟರು.

ಹಾಗಾದರೆ ಗುಂಡಿನ ಆಟ ಆಡಿದ ಮಗು ಹಿಂಸೆಗೆ ಇಳಿಯುತ್ತದೆಯೇ? ಸಂಶೋಧನೆ ಅಷ್ಟು ನೇರವಾಗಿ ಹೌದು ಎನ್ನುವುದಿಲ್ಲ. ಆಕ್ಸ್‌ಫರ್ಡ್ ವಿಶ್ವವಿದ್ಯಾಲಯದ ಸಂಶೋಧಕರು 14–15 ವರ್ಷದ ಸುಮಾರು ಒಂದು ಸಾವಿರ ಬ್ರಿಟಿಷ್ ಮಕ್ಕಳನ್ನು ಅಧ್ಯಯನ ಮಾಡಿ 2019ರಲ್ಲಿ ಪ್ರಕಟಿಸಿದ ವರದಿಯಲ್ಲಿ, ಹಿಂಸಾತ್ಮಕ ಆಟಕ್ಕೂ ಮಕ್ಕಳ ಆಕ್ರಮಣಕಾರಿ ವರ್ತನೆಗೂ ನಂಟು ಕಾಣಲಿಲ್ಲ. ಅಮೆರಿಕದ ಮನೋವಿಜ್ಞಾನಿಗಳ ಸಂಘ 2020ರಲ್ಲಿ ಹೇಳಿದ್ದು ಇನ್ನಷ್ಟು ಸೂಕ್ಷ್ಮ: ಕೂಗಾಡುವುದು, ತಳ್ಳಾಡುವುದರಂಥ ವರ್ತನೆಯ ಜೊತೆ ಸಣ್ಣ ನಂಟಿದೆ, ಆದರೆ ಕೊಲೆ–ಹಲ್ಲೆಯಂಥ ಹಿಂಸೆಗೆ ಆಟವನ್ನು ಹೊಣೆ ಮಾಡಲು ಸಾಕಷ್ಟು ಪುರಾವೆ ಇಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಕಾಯಿಲೆಗಳ ಪಟ್ಟಿಯಲ್ಲಿ 2022ರಿಂದ ಜಾರಿಯಲ್ಲಿರುವ 'ಗೇಮಿಂಗ್ ಡಿಸಾರ್ಡರ್' ಕೂಡ ರಕ್ತದ ಮಾತು ಆಡುವುದಿಲ್ಲ. ಆಟದ ಮೇಲೆ ಹಿಡಿತ ತಪ್ಪಿದೆಯೇ, ಊಟ–ಓದು–ಗೆಳೆತನಕ್ಕಿಂತ ಆಟವೇ ಮುಂದಾಗಿದೆಯೇ, ಕೆಡುಕಾಗುತ್ತಿದ್ದರೂ ಬಿಡಲಾಗುತ್ತಿಲ್ಲವೇ ಎಂದು ಅದು ಕೇಳುತ್ತದೆ. ಗೋಲಿ ಆಡುವವನಂತೆ ಕಾಣುವ ಬಣ್ಣದ ಗುಳಿಗೆಗಳ ಆಟದಲ್ಲೂ ಹಿಡಿತ ತಪ್ಪಬಹುದು.

ಸರ್ಕಾರ ನಿಷೇಧಿಸಿತ್ತಲ್ಲ ಎಂದು ಭಾವ ನೆನಪಿಸಿದರು. ಹೌದು, 2020ರ ಸೆಪ್ಟೆಂಬರ್ 2ರಂದು ಪಬ್‌ಜಿ ಮೊಬೈಲ್ ಸೇರಿ 118 ಆಪ್‌ಗಳನ್ನು ನಿಷೇಧಿಸಲಾಯಿತು. ಆದರೆ ಕಾರಣ ದೇಶದ ಭದ್ರತೆ ಮತ್ತು ಮಾಹಿತಿ ಸುರಕ್ಷತೆಯೇ ಹೊರತು ಮಕ್ಕಳ ಮನಸ್ಸಲ್ಲ. 2021ರ ಜುಲೈನಲ್ಲಿ ಅದೇ ಬಗೆಯ ಆಟ ಬಿಜಿಎಂಐ ಹೆಸರಲ್ಲಿ ಬಂದಾಗ ರಕ್ತದ ಬಣ್ಣ ಹಸಿರಾಯಿತು, 'ಕಿಲ್' ಎಂಬ ಪದ 'ಫಿನಿಶ್' ಆಯಿತು, 18 ತುಂಬದವರಿಗೆ ದಿನಕ್ಕೆ 3 ಗಂಟೆಯ ಮಿತಿ ಬಂತು. ಮಿತಿ ಒಳ್ಳೆಯದೇ. ಆದರೆ ಹತ್ತನೇ ತರಗತಿಯ ಹುಡುಗನಿಗೆ ದಿನಕ್ಕೆ 3 ಗಂಟೆ ಎಂದರೆ ಯಾವ ತಾಯಿಗೂ ಸಮಾಧಾನವಾಗದು. ಹಸಿರು ರಕ್ತದಿಂದಲೂ ಅಷ್ಟೇ.

ಹಾಗಿದ್ದರೆ ಆ ವಯಸ್ಸಿನ ಚೀಟಿ ಎಲ್ಲಿಂದ ಬರುತ್ತದೆ? ಸಿನಿಮಾಕ್ಕೆ ನಮ್ಮಲ್ಲಿ ಸೆನ್ಸಾರ್ ಮಂಡಳಿ ಇದೆ. ಈಗ ಯುಎ ಎಂದು ಬಿಡದೆ 7+, 13+, 16+ ಎಂದು ವಿಂಗಡಿಸುತ್ತಾರೆ. ಮೊಬೈಲ್ ಆಟಕ್ಕೆ ಅಂಥ ಮಂಡಳಿ ಇಲ್ಲ. ಪ್ಲೇ ಸ್ಟೋರಿನಲ್ಲಿ ಆಟ ಮಾಡಿದವರೇ ಒಂದು ಪ್ರಶ್ನಾವಳಿ ತುಂಬುತ್ತಾರೆ, ಅದರ ಮೇಲೆ ವಯಸ್ಸು ತಂತಾನೇ ನಿಗದಿಯಾಗುತ್ತದೆ. ಚಾಕಣದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಬೋಲ್ಟು ಕಳಿಸಿದವನು ತಾನೇ ಬರೆದ ತಪಾಸಣೆ ವರದಿಯನ್ನು ನಂಬಿ ಯಾವ ಕಾರ್ಖಾನೆಯೂ ಮಾಲನ್ನು ಲೈನಿಗೆ ಬಿಡುವುದಿಲ್ಲ. ಗೇಟಿನ ಒಳಗೆ ನಮ್ಮದೇ ಒಂದು ತಪಾಸಣೆ ಇರುತ್ತದೆ. ನಾನು ಬರೆಯುವ ಸಾಫ್ಟ್‌ವೇರ್ ಆ ತಪಾಸಣೆಯದ್ದೇ. ಆದರೂ ಅಳಿಯನ ವಿಷಯದಲ್ಲಿ ಚೀಟಿ ಓದಿ ಮಾಲು ವಾಪಸು ಕಳಿಸಿದ್ದೆ!

ಹೀಗಾಗಿ ಎರಡನೇ ಸಲ ತೀರ್ಪು ಕೊಡುವ ಮೊದಲು ನಾಲ್ಕು ಭಾನುವಾರ ಅವನ ಪಕ್ಕದಲ್ಲಿ ಕೂತೆ. ಆಡಿದೆ ಕೂಡ. ವಿಮಾನದಿಂದ ನೂರು ಜನ ಒಂದು ನಡುಗಡ್ಡೆಗೆ ಜಿಗಿಯುತ್ತಾರೆ, ಕೊನೆಗೆ ಉಳಿದವನು ಗೆದ್ದ. ನಾನು ಪ್ರತಿಸಲವೂ ಮೊದಲ ಐದು ನಿಮಿಷದಲ್ಲೇ ಸತ್ತೆ. ಅಳಿಯನಿಗೆ ನನ್ನ ಮೇಲಿದ್ದ ಸಿಟ್ಟು ಇಳಿದದ್ದು ಆಗಲೇ. ಕೂತು ನೋಡಿದ ಮೇಲೆ ನನ್ನ ಪ್ರಶ್ನೆಗಳೇ ಬೇರೆಯಾದವು.

ಮೊದಲನೆಯದು, ಆಟ ಯಾವುದಕ್ಕೆ ಬಹುಮಾನ ಕೊಡುತ್ತದೆ? ಎದುರಾಳಿಯೂ ಬಂದೂಕು ಹಿಡಿದು ಸಮನಾಗಿ ಆಡುವ ಆಟ ಒಂದು ಬಗೆ, ಅದು ಕಳ್ಳ–ಪೊಲೀಸ್ ಆಟದ ಹತ್ತಿರದ್ದು. ಅಳಿಯ ಕೇಳುತ್ತಿದ್ದ ಇನ್ನೊಂದು ಆಟ ಜಿಟಿಎ 5. ಅಮೆರಿಕದಲ್ಲಿ ಅದಕ್ಕೆ 17+, ಯುರೋಪಿನಲ್ಲಿ 18 ಎಂಬ ಮುದ್ರೆ ಇದೆ. ಅದರ ಒಂದು ಹಂತದಲ್ಲಿ ಕಟ್ಟಿಹಾಕಿದ ಮನುಷ್ಯನಿಗೆ ಆಟಗಾರ ತನ್ನ ಕೈಯಾರೆ ಚಿತ್ರಹಿಂಸೆ ಕೊಡಬೇಕು. ದೊಡ್ಡವರು ಅದರಲ್ಲಿ ವ್ಯಂಗ್ಯ ಕಾಣಬಹುದು. 15ರ ಹುಡುಗ ಅದನ್ನು ಮುಗಿಸಬೇಕಾದ ಕೆಲಸ ಎಂದಷ್ಟೇ ಕಾಣುತ್ತಾನೆ. ಎರಡರಲ್ಲೂ ಗುಂಡಿದೆ, ಎರಡೂ ಒಂದೇ ಅಲ್ಲ.

ಎರಡನೆಯದು, ಮೈಕಿನ ಆಚೆ ಯಾರಿದ್ದಾರೆ? ನನ್ನ ಎದೆ ಧಸಕ್ಕೆಂದದ್ದು ಇಲ್ಲಿ. ಎರಡನೇ ಭಾನುವಾರ ಇಯರ್‌ಫೋನ್ ತೆಗೆಸಿ ಸ್ಪೀಕರ್ ಹಾಕಿಸಿದೆ. ತಂಡಕ್ಕೆ ಸೇರಿಕೊಂಡ ಅಪರಿಚಿತ, ದನಿಯಲ್ಲೇ ಗೊತ್ತಾಗುವಂತೆ ವಯಸ್ಕ, ತಾಯಿಯ ಹೆಸರು ಹಿಡಿದು ಬೈದ. ಅಳಿಯ ನಕ್ಕು ಅದೇ ಬೈಗುಳ ತಿರುಗಿಸಿದ, ನಾನು ಪಕ್ಕದಲ್ಲಿರುವುದು ಮರೆತು. ಆಮೇಲೆ ಆ ಮನುಷ್ಯ ಮೆದುವಾಗಿ, ಎಲ್ಲಿರುತ್ತೀ, ಯಾವ ಶಾಲೆ, ಇನ್‌ಸ್ಟಾ ಐಡಿ ಕೊಡು ಎಂದ. ಹುಡುಗ ಸಹಜವಾಗಿ "ಚಾಕಣ" ಎಂದುಬಿಟ್ಟ. ಆಟದೊಳಗಿನ ಯಾವ ಬಂದೂಕೂ ನನ್ನನ್ನು ಅಷ್ಟು ಹೆದರಿಸಿರಲಿಲ್ಲ.

ಮೂರನೆಯದು, ಜೇಬಿಗೆ ಎಲ್ಲಿ ಕೈ ಹಾಕುತ್ತದೆ? ಪುಕ್ಕಟೆ ಆಟ ಅಂಗಿ, ಬಂದೂಕಿನ ಬಣ್ಣ, ಏನಿದೆಯೆಂದು ತೆರೆಯುವ ತನಕ ಗೊತ್ತಾಗದ ಪೆಟ್ಟಿಗೆಗಳನ್ನು ಮಾರಿ ಬದುಕುತ್ತದೆ. ಅಕ್ಕನ ಯುಪಿಐ ಲೆಕ್ಕ ತೆಗೆದು ನೋಡಿದರೆ ಮೂರು ಸಲದಲ್ಲಿ 640 ರೂಪಾಯಿ ಹೋಗಿತ್ತು. 2025ರ ಆನ್‌ಲೈನ್ ಗೇಮಿಂಗ್ ಕಾಯ್ದೆ ಹಣ ಕಟ್ಟಿ ಹಣ ಗೆಲ್ಲುವ ಆಟಗಳನ್ನು ನಿಷೇಧಿಸಿತು. ಗೆಲ್ಲಲು ಹಣವೇ ಇಲ್ಲದ ಈ ಪೆಟ್ಟಿಗೆಗಳ ಕಾವಲು ಮನೆಯವರದ್ದೇ.

ನಾಲ್ಕನೆಯದು, ಆಟ ನಿಲ್ಲಿಸಲು ಬಿಡುತ್ತದೆಯೇ? ಒಂದು ಪಂದ್ಯಕ್ಕೆ ಸುಮಾರು ಅರ್ಧ ಗಂಟೆ. ನಡುವೆ ಎದ್ದರೆ ತಂಡಕ್ಕೆ ಮೋಸ. "ಊಟಕ್ಕ ಬಾ" ಎಂದು ಅಕ್ಕ ಕೂಗಿದಾಗ ಅವನು ಸಿಡುಕುತ್ತಿದ್ದದ್ದು ಪಂದ್ಯದ ನಡುವಿಗೆ ಕರೆದದ್ದಕ್ಕೆ. ಸಮಯದ ಲೆಕ್ಕ ಬಿಟ್ಟು ಪಂದ್ಯದ ಲೆಕ್ಕ ಹಿಡಿದ ಮೇಲೆ ಆ ಜಗಳ ಅರ್ಧ ಇಳಿಯಿತು.

ಇಷ್ಟರ ಮೇಲೆ ಬೇಡ ಎಂದೇ ಹೇಳುವವನಿದ್ದೆ. ಮೂರನೇ ಭಾನುವಾರ ಒಂದು ಮಾತು ಕಿವಿಗೆ ಬಿತ್ತು. "ಲೇ, ಹಿಂದ ಬಾರೋ, ಮನೀ ಮ್ಯಾಲ ಒಬ್ಬಾಂವ ಅದಾನ!" ಇಂಡಿ ಮತ್ತು ಸಿಂದಗಿಯಲ್ಲಿರುವ ದೊಡ್ಡಪ್ಪ, ಚಿಕ್ಕಪ್ಪನ ಮಕ್ಕಳು ತಂಡದಲ್ಲಿದ್ದರು. ಮನೆಯಲ್ಲಿ ನಾವು ಕನ್ನಡದಲ್ಲಿ ಕೇಳಿದ್ದಕ್ಕೆ ಮರಾಠಿ, ಹಿಂದಿಯಲ್ಲಿ ಉತ್ತರಿಸುವ ಹುಡುಗ ಅಲ್ಲಿ ಅಚ್ಚ ಇಂಡಿ ಕನ್ನಡದಲ್ಲಿ ಕೂಗಾಡುತ್ತಿದ್ದ, ನಗುತ್ತಿದ್ದ, ಜಾತ್ರೆಗೆ ಬರ್ತೀನಿ ಅಂತಿದ್ದ. ಚಾಕಣದಲ್ಲಿ ಅವನ ಓರಗೆಯವರೊಂದಿಗೆ ಅವನು ಕನ್ನಡ ಮಾತಾಡುವ ಜಾಗ ಅದೊಂದೇ. ಅದನ್ನು ನಾನು ಮೊದಲ ಸಲ ಎರಡು ನಿಮಿಷದಲ್ಲಿ ಅಳಿಸಿದ್ದೆ.

ಕೊನೆಗೆ ತೀರ್ಪು ಹೀಗಾಯಿತು. ಜಿಟಿಎ ಇಲ್ಲ. ಹದಿನೆಂಟು ತುಂಬಲಿ, ಅವನ ಹಣದಲ್ಲಿ ಕೊಳ್ಳಲಿ. ತಂಡದ ಆಟಕ್ಕೆ ಒಪ್ಪಿಗೆ, ಆದರೆ ಹಜಾರದಲ್ಲಿ, ಅಪ್ಪನ ನಂಬರು ಮತ್ತು ನಿಜವಾದ ಹುಟ್ಟಿದ ತಾರೀಖು ಹಾಕಿ. ತಂಡದಲ್ಲಿ ಗುರುತಿನವರು ಮಾತ್ರ, ಉಳಿದವರಿಗೆ ಮೈಕು ಬಂದ್. ಶನಿವಾರ, ಭಾನುವಾರ ಎರಡೆರಡು ಪಂದ್ಯ. ಫೋನಿನಲ್ಲಿ ಯುಪಿಐ ಇಲ್ಲ. ಪರೀಕ್ಷೆಗೆ ಎರಡು ತಿಂಗಳಿರುವಾಗ ಪೂರ್ತಿ ಬಂದ್. ಈ ಕೊನೆಯ ಷರತ್ತು ಅವನೇ ಹಾಕಿದ್ದು. ಚೀಟಿಯ ವಯಸ್ಸನ್ನು ಒಂದು ವರ್ಷ ಮೀರಿದ್ದೇನೆ ಎಂಬುದು ನನಗೆ ಗೊತ್ತಿದೆ. ಇದೇ ಆಟವನ್ನು ಸಿಟ್ಟು ಬೇಗ ಬರುವ, ಒಂಟಿಯಾಗಿರುವ, ನಿದ್ದೆಗೆಟ್ಟ ಇನ್ನೊಬ್ಬ 15ರ ಹುಡುಗನಿಗೆ ನಾನು ಕೊಡುತ್ತಿರಲಿಲ್ಲ. ಹುಡುಗ ಊಟ, ನಿದ್ದೆ, ಶಾಲೆ ಬಿಡುತ್ತಿದ್ದರೆ ಮನೆಯ ಷರತ್ತು ಸಾಲದು, ವೈದ್ಯರ ಬಳಿ ಹೋಗಬೇಕು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ 2014ರಿಂದ ಇದಕ್ಕೆಂದೇ 'ಶಟ್' ಕ್ಲಿನಿಕ್ ಇದೆ.

ಆದರೆ ಎಲ್ಲ ಮನೆಯಲ್ಲೂ ನಾಲ್ಕು ಭಾನುವಾರ ಬಿಡುವಿರುವ ಮಾಮ ಇರುವುದಿಲ್ಲ. ಆದ್ದರಿಂದ ಸರ್ಕಾರ ಮಾಡಬೇಕಾದ್ದೂ ಇದೆ. ಸಿನಿಮಾಕ್ಕಿರುವಂತೆ ಆಟಕ್ಕೂ, ಮಾಡಿದವರಲ್ಲದೆ ಬೇರೆಯವರು ನೋಡಿ ಕೊಡುವ ಪ್ರಮಾಣಪತ್ರ ಬೇಕು. ಅದರಲ್ಲಿ ಬರೀ ವಯಸ್ಸಲ್ಲ, ಹಿಂಸೆ ಎಂಥದ್ದು, ಅಪರಿಚಿತರ ಮಾತಿಗೆ ದಾರಿ ಇದೆಯೇ, ಖರೀದಿ ಇದೆಯೇ ಎಂಬುದು ತಾಯಂದಿರು ಓದುವ ಭಾಷೆಯಲ್ಲಿರಬೇಕು. ಇಂಥ ಆಟಗಳು ಎಲ್ಲೋ ಹೊರದೇಶದಿಂದ ಬರುತ್ತವೆ ಎಂದು ಕೈ ತೊಳೆದುಕೊಳ್ಳುವಂತಿಲ್ಲ. 'ಇಂಡಸ್' ಮಾಡಿದ ಸೂಪರ್‌ಗೇಮಿಂಗ್ ಪುಣೆಯದ್ದು, 'ಫೌಜಿ' ಮಾಡಿದ ಎನ್‌ಕೋರ್ ಬೆಂಗಳೂರಿನದ್ದು. ಜಿಟಿಎ ಕಂಪನಿಗೂ ಬೆಂಗಳೂರಿನಲ್ಲಿ ಸ್ಟುಡಿಯೊ ಇದೆ.

ನಮ್ಮ ಕನ್ನಡ ಸಂಘಗಳೂ ಒಂದು ಕೆಲಸ ಮಾಡಬಹುದು. ರಾಜ್ಯೋತ್ಸವದ ದಿನ ಮಕ್ಕಳಿಂದ ಹಾಡು, ಭಾಷಣ ಮಾಡಿಸುತ್ತೇವೆ. ಒಂದು ಗಂಟೆ, ಅವರು ಆಡುವ ಆಟವನ್ನು ಅವರೇ ತೋರಿಸಿ, ಕನ್ನಡದಲ್ಲಿ ನಮಗೆ ಕಲಿಸಲಿ. ಮಾತು ತಾನಾಗಿ ಬರುತ್ತದೆ, ಯಾವ ಆಟದಲ್ಲಿ ಏನಿದೆ ಎಂಬುದೂ ನಮಗೆ ತಿಳಿಯುತ್ತದೆ.

ಭಾವ ಹೋದ ವಾರ ಪಾಳಿ ಅದಲು ಬದಲು ಮಾಡಿಕೊಂಡು ಒಂದು ಭಾನುವಾರ ಮನೆಯಲ್ಲಿದ್ದರು. ಮಗ ಅವರ ಕೈಗೆ ಫೋನು ಕೊಟ್ಟ. ಜಿಗಿದ ಎರಡೇ ನಿಮಿಷಕ್ಕೆ ಸತ್ತರು. "ನಿನ್ನ ಮಾಮನಕಿಂತಾ ನಾನs ಲಗೂ ಹೋದೆ ನೋಡು" ಎಂದು ಅವರೇ ನಕ್ಕರು. ಇಂಡಿಯಿಂದ ಮೈಕಿನಲ್ಲಿ ಯಾರೋ, "ಕಾಕಾ, ಇನ್ನೊಂದ್ ಸಲಾ ಆಡ್ರಿ" ಎಂದರು.